ಕಣ್ಣಿನೊಳಗಣ ರಸಗಳೂ ವಯೋಧರ್ಮವೂ

ಈ ಸ್ಮರಣ ಸಂಚಿಕೆಯಲ್ಲಿ ಶಾಸ್ತ್ರವಿಷಯಕವಾದ ಒಂದು ಲೇಖನವಾದರೂ ಇರಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ವಿಷಯವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಲಿಲ್ಲ. ಹಳೆಯ ವಿದ್ಯಾರ್ಥಿನಿಯರ ಕೂಟಗಳಲ್ಲಿ ಯೋಗಕ್ಷೇಮದ ಮಾತುಗಳು ಮುಗಿದ ಮೇಲೆ ಈಚಿನ ವರ್ಷಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದುಂಟು. ಬಿಳಿಯ ಗೋಡೆಯನ್ನಾಗಲಿ ಬೆಳಗಿನ ಆಕಾಶವನ್ನಾಗಲಿ ನೋಡುವಾಗ ಕಣ್ಣ ಮುಂದೆ ನೂಲಿನ ಎಳೆಗಳೋ ಸಣ್ಣ ನೊಣಗಳೋ ತೇಲಿದಂತೆ ಕಾಣುತ್ತವೆ. ಒರೆಸಿಕೊಂಡರೆ ಹೋಗುವುದಿಲ್ಲ, ತೊಳೆದುಕೊಂಡರೂ ಹೋಗುವುದಿಲ್ಲ. ಇದು ಏನು, ಇದಕ್ಕೆ ಹೆದರಬೇಕೆ ಎಂಬುದೇ ಆ ಪ್ರಶ್ನೆ. ಕೆಲವರು ತಮ್ಮ ವಿಷಯವಾಗಿ ಕೇಳುತ್ತಾರೆ. ಹೆಚ್ಚಿನವರು ಮನೆಯಲ್ಲಿರುವ ತಾಯಿಯ ಅಥವಾ ಅತ್ತೆಯವರ ವಿಷಯವಾಗಿ ಕೇಳುತ್ತಾರೆ. ಹೆದರಬೇಕಾದುದಿಲ್ಲ ಎಂಬ ಉತ್ತರವು ಬಹುಮಟ್ಟಿಗೆ ಸರಿಯಾದುದೇ. ಆದರೆ ಕೆಲವು ಲಕ್ಷಣಗಳು ಕಂಡ ದಿನ ಅದೇ ಉತ್ತರವು ಒಂದು ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ಇವೆರಡರ ಭೇದವನ್ನು ಅರಿಯಬೇಕಾದರೆ ಕಣ್ಣೊಳಗಿನ ರಸವು ಏತರಿಂದಾದುದು, ವಯಸ್ಸು ಏರಿದಂತೆ ಅದರ ರಸಾಯನವು ಹೇಗೆ ಮಾರ್ಪಡುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಶಾಲೆಯಲ್ಲಿ ಕಣ್ಣಿನ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸಿದ ನೆನಪು ನಮ್ಮ ಓದುಗರಿಗೆ ಸಂಪೂರ್ಣವಾಗಿ ಅಳಿಸಿಹೋಗಿರಲಾರದು. ಕಣ್ಣುಗುಡ್ಡೆಯೊಳಗೆ ಇರುವುದು ಒಂದೇ ರಸವಲ್ಲ, ಎರಡು. ಮುಂದುಗಡೆ, ಕಾರ್ನಿಯಾ ಎಂಬ ಪಾರದರ್ಶಕವಾದ ಪೊರೆಗೂ ಮಸೂರಕ್ಕೂ ನಡುವಣ ಚಿಕ್ಕ ಎಡೆಯಲ್ಲಿ ಇರುವುದು ಜಲರಸ. ಹೆಸರಿಗೆ ತಕ್ಕಂತೆ ಅದು ನೀರಿನಷ್ಟೇ ತೆಳುವಾದುದು. ಮಸೂರದ ಹಿಂದೆ, ಚಿತ್ರವು ಬೀಳುವ ರೆಟಿನಾ ಪರದೆಯವರೆಗೆ ಗುಡ್ಡೆಯ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ತುಂಬಿಕೊಂಡಿರುವುದು ಕಾಚರಸ. ಕಾಚವೆಂದರೆ ಗಾಜು. ರಸವೆಂಬ ಹೆಸರು ಬಂದಿದ್ದರೂ ಎಳೆಯ ವಯಸ್ಸಿನಲ್ಲಿ ಅದು ರಸವಲ್ಲ. ಎಳನೀರಿನ ಬುರುಡೆಯೊಳಗಣ ಎಳೆಗಂಜಿಯಂತೆ ಅಲುಗುವ, ಆದರೆ ಹರಿಯದ, ಗಾಜಿನಂತೆ ನಿರ್ಮಲವಾದ ಒಂದು ಲೋಳೆ.

ಇವೆರಡಕ್ಕೂ ಇರುವ ಮುಖ್ಯ ಭೇದವು ಇಷ್ಟು. ಜಲರಸವು ಹರಿಯುವ ನೀರು, ದಿನವಹಿ ಹೊಸದಾಗುತ್ತಿರುವುದು. ಕಾಚರಸದ ಮೂಲ ಚೌಕಟ್ಟಾದರೋ ತಾಯಿಯ ಗರ್ಭದಲ್ಲಿ ಕಟ್ಟಲ್ಪಟ್ಟುದು. ಹುಟ್ಟಿದ ಮೇಲೆ ಅದಕ್ಕೆ ಹೊಸ ಎಳೆಗಳು ಸೇರುವುದು ಅತ್ಯಲ್ಪ. ಆದುದರಿಂದ ವಯಸ್ಸಿನ ಗುರುತು ಜಲರಸದಲ್ಲಿ ಹಗುರವಾಗಿಯೂ ಕಾಚರಸದಲ್ಲಿ ಆಳವಾಗಿಯೂ ಬೀಳುತ್ತದೆ.

ಮೊದಲು ಜಲರಸದ ಮಾತನ್ನು ಮುಗಿಸಿಬಿಡೋಣ. ಮಸೂರದ ಸುತ್ತಲಿನ ಒಂದು ಅಂಗಾಂಶವು ರಕ್ತದಿಂದ ಇದನ್ನು ಸೋಸಿ ಒಸರಿಸುತ್ತದೆ. ಒಸರುವ ಪ್ರಮಾಣ ನಿಮಿಷಕ್ಕೆ ಸುಮಾರು ಎರಡೂವರೆ ಮೈಕ್ರೋಲೀಟರು. ಅಂದರೆ ಮದ್ದಿನ ಸೀಸೆಯಿಂದ ಬೀಳುವ ಒಂದು ತೊಟ್ಟಿನಷ್ಟಾಗಬೇಕಾದರೆ ಇಪ್ಪತ್ತು ನಿಮಿಷ ಬೇಕು. ಎಡೆಯಲ್ಲಿ ಹಿಡಿಯುವುದು ನಾಲ್ಕೈದು ತೊಟ್ಟು ಮಾತ್ರವಾದುದರಿಂದ ಒಂದೂವರೆ ಎರಡು ಗಂಟೆಗೊಮ್ಮೆ ಅದೆಲ್ಲವೂ ಬದಲಾಗುತ್ತದೆ. ರಕ್ತದ ಸಸಾರಜನಕಗಳಲ್ಲಿ ತೀರ ಅಲ್ಪಾಂಶ ಮಾತ್ರ ಇದರೊಳಕ್ಕೆ ಬರುತ್ತದೆ. ಬಂದರೆ ನೀರು ಕದಡಿ ದೃಷ್ಟಿಯು ಮಸಕಾಗುವುದಲ್ಲವೆ? ವಯಸ್ಸಾದಂತೆ ಈ ಸೋಸುವ ಗೋಡೆಯು ಕೊಂಚ ಸಡಿಲವಾಗಿ ಸಸಾರಜನಕವು ಸ್ವಲ್ಪ ಹೆಚ್ಚುತ್ತದೆ. ಒಸರುವ ಪ್ರಮಾಣವು ಮೆಲ್ಲಮೆಲ್ಲನೆ ತಗ್ಗುತ್ತದೆ. ಇವುಗಳಿಂದ ಬಾಧೆಯೇನೂ ಇಲ್ಲ. ಬಾಧೆ ಬರುವುದು ನೀರು ಹೊರಹೋಗುವ ಜಾಲರಿಯಲ್ಲಿ. ಅಲ್ಲಿನ ಜೀವಕೋಶಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗಿ ಜಾಲರಿಯು ಬಿರುಸಾಗುತ್ತದೆ. ಕೆಲವರಲ್ಲಿ ಒಳಗಿನ ಒತ್ತಡವು ಏರಿ ದೃಷ್ಟಿಯ ನರವನ್ನು ನೋವಿಲ್ಲದೆಯೇ ಕೊಲ್ಲುತ್ತದೆ. ಇದೇ ಗ್ಲಾಕೋಮಾ. ಹೀಗೆ ಹೋದ ದೃಷ್ಟಿಯು ಮರಳಿ ಬರುವುದಿಲ್ಲ. ನಾಲ್ವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದವರು, ಹೊಸ ಕನ್ನಡಕಕ್ಕಾಗಿ ಹೋದಾಗ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿಕೊಂಡು ಬರಬೇಕು. ಅಂಗಡಿಯಲ್ಲಿ ಅಕ್ಷರದ ಹಲಗೆಯನ್ನು ಓದಿಸಿ ಕನ್ನಡಕದ ನಂಬರು ಬರೆದುಕೊಟ್ಟಮಾತ್ರಕ್ಕೆ ಕಣ್ಣಿನ ಪರೀಕ್ಷೆಯಾಯಿತೆಂದು ತಿಳಿಯಬಾರದು.

ಇನ್ನು ಕಾಚರಸ. ದೊಡ್ಡವರ ಒಂದು ಕಣ್ಣಿನಲ್ಲಿ ಇದು ಸುಮಾರು 4 ಮಿಲಿಲೀಟರು ಇರುತ್ತದೆ. ಟೀ ಚಮಚವೊಂದು ತುಂಬುವುದಕ್ಕೂ ಸಾಲದು. ಇದರಲ್ಲಿ ನೂರಕ್ಕೆ 98 ರಿಂದ 99 ಪಾಲು ನೀರೇ. ಉಳಿದ ಒಂದೆರಡು ಪಾಲಿನಲ್ಲಿ ಲವಣಗಳು, ರಕ್ತದಲ್ಲಿರುವುದರ ಸುಮಾರು ಅರ್ಧದಷ್ಟು ಸಕ್ಕರೆ, ಸಿ ಜೀವಸತ್ವ, ಕೆಲವು ಸಸಾರಜನಕಗಳು ಇವೆ. ಇಷ್ಟು ನೀರು ಹರಿಯದೆ ನಿಲ್ಲುವುದು ಹೇಗೆ? ಬೇಸಗೆಯ ಪಾನಕಕ್ಕೆ ಕಾಮಕಸ್ತೂರಿ ಬೀಜವನ್ನು ನೆನೆಯಿಟ್ಟವರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಚಿಟಿಕೆ ಬೀಜವು ಒಂದು ಲೋಟ ನೀರನ್ನು ಲೋಳೆಯಾಗಿ ಹಿಡಿದುಕೊಳ್ಳುತ್ತದೆ. ಕಣ್ಣಿನಲ್ಲಿ ಈ ಕೆಲಸವನ್ನು ಮಾಡುವ ವಸ್ತುಗಳು ಎರಡು. ಒಂದು, ಕೊಲ್ಲಾಜೆನ್ ಎಂಬ ಸಸಾರಜನಕದ ಅತಿ ಸೂಕ್ಷ್ಮವಾದ ಎಳೆಗಳು. ನಮ್ಮ ಚರ್ಮಕ್ಕೂ ಮೂಳೆಗೂ ಗಟ್ಟಿತನವನ್ನು ಕೊಡುವುದೂ ಇದರ ಬಂಧುವೇ. ಒಂದು ಕಣ್ಣಿನ ಕಾಚರಸದಲ್ಲಿರುವ ಅಂತಹ ಎಳೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಒಂದು ಸಾಸಿವೆಕಾಳಿನಷ್ಟೂ ತೂಗಲಾರದು. ಇನ್ನೊಂದು, ಹಯಲುರಾನಿಕ್ ಆಮ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬ ಇಬ್ಬರು ಪಂಡಿತರು 1934ರಲ್ಲಿ ಇದನ್ನು ಮೊಟ್ಟಮೊದಲು ಬೇರ್ಪಡಿಸಿದುದು ದನದ ಕಣ್ಣಿನ ಕಾಚರಸದಿಂದಲೇ. ಗ್ರೀಕ್ ಭಾಷೆಯಲ್ಲಿ ಹಯಲಾಸ್ ಎಂದರೆ ಗಾಜು. ಹೆಸರಿನ ಮೊದಲರ್ಧವು ಅಲ್ಲಿಂದ ಬಂದುದು. ಇಂದು ನಮ್ಮ ಹುಡುಗಿಯರಿಗೆ ಈ ಹೆಸರು ಮುಖಕ್ಕೆ ಹಚ್ಚುವ ಲೇಪನಗಳ ಸೀಸೆಯ ಮೇಲಿಂದ ಪರಿಚಿತವಾಗಿದೆ. ಪಾಠಪುಸ್ತಕದಲ್ಲಿ ಕಷ್ಟವೆನಿಸುವ ಹೆಸರು ಸೀಸೆಯ ಮೇಲೆ ಎಷ್ಟು ಸುಲಭವಾಗುತ್ತದೆ!

ಕೊಲ್ಲಾಜೆನ್ ಎಳೆಗಳು ಜಾಲವನ್ನು ಹೆಣೆಯುತ್ತವೆ. ಹಯಲುರಾನಿಕ್ ಆಮ್ಲದ ಉದ್ದುದ್ದವಾದ ಅಣುಗಳು ಆ ಜಾಲದ ಎಡೆಗಳಲ್ಲಿ ಸುರುಳಿಯಾಗಿ ಕುಳಿತು, ತಮ್ಮ ಸುತ್ತಲೂ ನೀರನ್ನು ಹಿಡಿದುಕೊಂಡು ಎಳೆಗಳನ್ನು ಒಂದಕ್ಕೊಂದು ತಗಲದಂತೆ ದೂರ ಇರಿಸಲು ನೆರವಾಗುತ್ತವೆ. ಎಳೆಗಳು ಬಿಡಿಬಿಡಿಯಾಗಿ ಸಮನಾಗಿ ಹರಡಿರುವಷ್ಟು ಕಾಲ ಬೆಳಕು ತಡೆಯಿಲ್ಲದೆ ಸಾಗುತ್ತದೆ. ಅವು ಒಂದಕ್ಕೊಂದು ಅಂಟಿ ದಪ್ಪವಾದಲ್ಲಿ ನೆರಳು ಬೀಳುತ್ತದೆ. ನಮ್ಮ ಓದುಗರು ಕಾಣುವ ನೂಲುಗಳೂ ನೊಣಗಳೂ ಬಹುಮಟ್ಟಿಗೆ ಈ ಅಂಟಿಕೊಂಡ ಎಳೆಗಳ ನೆರಳುಗಳೇ. ಕಣ್ಣ ಮುಂದೆ ತೇಲುವಂತೆ ತೋರಿದರೂ ಇರುವುದು ಕಣ್ಣಿನ ಒಳಗೆ. ನೋಡಬೇಕೆಂದು ದೃಷ್ಟಿಯನ್ನು ಹೊರಳಿಸಿದರೆ ಅವೂ ಜೊತೆಯಲ್ಲಿಯೇ ಓಡಿ, ಸ್ವಲ್ಪ ತಡವಾಗಿ ಬಂದು ನಿಲ್ಲುವುದು ಈ ಕಾರಣದಿಂದಲೇ.

ಹಾಗಾದರೆ ಎಳೆಗಳು ಅಂಟಿಕೊಳ್ಳುವುದೇಕೆ? ಇದಕ್ಕೆ ಉತ್ತರವನ್ನು ಹೇಳುವ ಮೊದಲು, ಈ ಮಾರ್ಪಾಟು ಮುಪ್ಪಿನಲ್ಲಿ ಆರಂಭವಾಗುವುದೆಂಬ ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕಾಗಿದೆ. ಹುಟ್ಟಿದ ಶಿಶುವಿನ ಕಣ್ಣುಗುಡ್ಡೆಯ ಉದ್ದ 16–17 ಮಿಲಿಮೀಟರು. ದೊಡ್ಡವರದು ಸುಮಾರು 24. ಗುಡ್ಡೆಯು ಬೆಳೆದಾಗ ಕೊಲ್ಲಾಜೆನ್ ಅದಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಇದ್ದ ಎಳೆಗಳೇ ಹೆಚ್ಚಿನ ಎಡೆಯಲ್ಲಿ ವಿರಳವಾಗುತ್ತವೆ. ಆ ಕೊರತೆಯನ್ನು ಹೊಸದಾಗಿ ಉತ್ಪನ್ನವಾಗುವ ಹಯಲುರಾನಿಕ್ ಆಮ್ಲವು ತುಂಬುತ್ತದೆ. ಎಂಡ್ರೆ ಬಲಾಜ್ ಮತ್ತು ಜಾನೆಟ್ ಡೆನ್ಲಿಂಜರ್ ಎಂಬ ಶೋಧಕರು ಎಲ್ಲ ವಯಸ್ಸಿನ ಮೃತರ ಕಣ್ಣುಗಳನ್ನೂ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದ ಅಳತೆಗಳು ಇಂದಿಗೂ ಪ್ರಮಾಣವಾಗಿವೆ. ಲೋಳೆಯ ನಡುವೆ ತೆಳುವಾದ ನೀರಿನ ಗುಳಿಗಳು ನಾಲ್ಕು ವರ್ಷದ ಮಗುವಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ಹದಿನಾಲ್ಕರಿಂದ ಹದಿನೆಂಟರ ಪ್ರಾಯದಲ್ಲಿ ಕಾಚರಸದ ಐದರಲ್ಲಿ ಒಂದು ಪಾಲು ನೀರಾಗಿರುತ್ತದೆ. ಎಂಬತ್ತು ತೊಂಬತ್ತರ ಹೊತ್ತಿಗೆ ಅರ್ಧಕ್ಕಿಂತಲೂ ಹೆಚ್ಚು. ನಮ್ಮ ಹತ್ತನೆಯ ತರಗತಿಯಲ್ಲಿ ಪರೀಕ್ಷೆಗೆ ಕುಳಿತಿರುವ ಬಾಲೆಯ ಕಣ್ಣಿನಲ್ಲಿಯೂ, ಅವಳ ಅಜ್ಜಿಯ ಕಣ್ಣಿನಲ್ಲಿಯೂ ನಡೆಯುತ್ತಿರುವ ಕಾರ್ಯವು ಒಂದೇ. ವೇಗವೂ ಪ್ರಮಾಣವೂ ಬೇರೆ ಅಷ್ಟೆ.

ಕಾರಣವನ್ನು ಮೊನ್ನೆಮೊನ್ನೆಯವರೆಗೂ ಯಾರೂ ಸ್ಪಷ್ಟವಾಗಿ ಕಂಡಿರಲಿಲ್ಲ. ಕೊಲ್ಲಾಜೆನ್‌ನಲ್ಲಿ ಹಲವು ಜಾತಿಗಳುಂಟು. ಅವಕ್ಕೆ ಅಂಕಿಗಳೇ ಹೆಸರು. ಕಾಚರಸದ ಪ್ರತಿಯೊಂದು ಎಳೆಯ ತಿರುಳು ಎರಡನೆಯ ಜಾತಿಯದು, ಅದು ಅಂಟುಸ್ವಭಾವವುಳ್ಳದ್ದು. ಆ ತಿರುಳಿನ ಮೇಲೆ ಒಂಬತ್ತನೆಯ ಜಾತಿಯ ಹೊದಿಕೆಯಿದೆ. ಈ ಹೊದಿಕೆಗೆ ಸಕ್ಕರೆಜಾತಿಯ ಉದ್ದವಾದ ಸರಪಣಿಗಳು ಹತ್ತಿಕೊಂಡಿದ್ದು, ಅವು ಕೂದಲಂತೆ ಹೊರಚಾಚಿ ನೆರೆಯ ಎಳೆಯನ್ನು ಹತ್ತಿರಕ್ಕೆ ಸೇರಗೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಪಾಲ್ ಬಿಷಪ್ ಎಂಬವರೂ ಅವರ ಸಂಗಡಿಗರೂ 2004ರಲ್ಲಿ ತೋರಿಸಿಕೊಟ್ಟುದೇನೆಂದರೆ, ಈ ಹೊದಿಕೆಯು ವಯಸ್ಸಾದಂತೆ ಉದುರಿಹೋಗುತ್ತದೆ, ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಉಳಿದುದರಲ್ಲಿ ಅರ್ಧವಾಗುತ್ತದೆ ಎಂಬುದು. ಲೆಕ್ಕವನ್ನು ಮಾಡಿ ನೋಡೋಣ. ಹನ್ನೊಂದರಲ್ಲಿ ಅರ್ಧ, ಇಪ್ಪತ್ತೆರಡರಲ್ಲಿ ಕಾಲು, ಮೂವತ್ತಮೂರರಲ್ಲಿ ಎಂಟನೆಯ ಒಂದು, ನಾಲ್ವತ್ತನಾಲ್ಕರಲ್ಲಿ ಹದಿನಾರನೆಯ ಒಂದು ಪಾಲು. ಇದನ್ನು ಬರೆಯುತ್ತಿರುವ ನಮ್ಮ ಕಣ್ಣಿನಲ್ಲಿಯೂ ಈ ಕೊನೆಯ ಲೆಕ್ಕಕ್ಕಿಂತ ಬಹಳ ಹೆಚ್ಚೇನೂ ಉಳಿದಿರಲಾರದು.

ಹೊದಿಕೆ ಕಳೆದ ಎಳೆಗಳು ಒಂದಕ್ಕೊಂದು ಅಂಟಿ ಕಟ್ಟುಗಳಾಗುತ್ತವೆ. ಎಳೆಗಳು ಒಂದು ಕಡೆ ಗುಂಪುಗೂಡಿದರೆ ಮತ್ತೊಂದು ಕಡೆ ಜಾಲವೇ ಇಲ್ಲದಂತಾಗುತ್ತದೆ; ಅಲ್ಲಿ ಉಳಿಯುವುದು ಹಯಲುರಾನಿಕ್ ಆಮ್ಲ ಕರಗಿದ ನೀರು ಮಾತ್ರ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮೊಸರನ್ನು ಎರಡು ದಿನ ಹಾಗೆಯೇ ಇಟ್ಟರೆ ಹೆಪ್ಪು ಕುಗ್ಗಿ ಸುತ್ತಲೂ ತಿಳಿನೀರು ಬಿಡುವುದನ್ನು ಯಾವ ಗೃಹಿಣಿಯೂ ಕಂಡಿರುತ್ತಾಳೆ. ಶಾಸ್ತ್ರದೃಷ್ಟಿಯಿಂದ ಇಲ್ಲಿ ನಡೆಯುವುದೂ ಅದೇ ಬಗೆಯ ಕಾರ್ಯ. ಹಯಲುರಾನಿಕ್ ಆಮ್ಲದ ಒಟ್ಟು ಪ್ರಮಾಣವು ಯೌವನದ ಅನಂತರ ಹೆಚ್ಚಾಗಿ ಬದಲಾಗುವುದಿಲ್ಲ; ಅದು ಲೋಳೆಯಿಂದ ನೀರಿಗೆ ತನ್ನ ಸ್ಥಾನವನ್ನು ಬದಲಿಸುತ್ತದೆ. ಕುಗ್ಗಿದ ಲೋಳೆಯಲ್ಲಿಯಾದರೋ ಕೊಲ್ಲಾಜೆನ್ ದಟ್ಟವಾಗುತ್ತದೆ. ಕರಗಿರುವ ಇತರ ಸಸಾರಜನಕಗಳೂ ವಯಸ್ಸಿನೊಡನೆ ಏರುತ್ತವೆ. ಸಿಹಿಮೂತ್ರ ರೋಗವುಳ್ಳವರಲ್ಲಿ ರಕ್ತದ ಹೆಚ್ಚಿನ ಸಕ್ಕರೆಯು ಕಾಚರಸವನ್ನೂ ಸೇರಿ, ಕೊಲ್ಲಾಜೆನ್ ಎಳೆಗಳಿಗೆ ಹತ್ತಿ ಅವುಗಳ ನಡುವೆ ಅಡ್ಡಬೆಸುಗೆಗಳನ್ನು ಹಾಕುವುದರಿಂದ, ಅಂಥವರ ಕಾಚರಸವು ವಯಸ್ಸಿಗೆ ಮುಂಚೆಯೇ ಮುದಿಯಾಗುತ್ತದೆ.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿ, ಲೋಳೆಯು ನೀರಾದರೇನಂತೆ, ಎರಡೂ ನಿರ್ಮಲವಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರವು ನಮ್ಮ ಮನೆಗಳಲ್ಲಿ ಹಿರಿಯರಿಗೆ ಸಾಮಾನ್ಯವಾಗಿ ಬರುವ ಕಣ್ಣಿನ ಪೊರೆಯ ಕಡೆಗೆ ನಮ್ಮನ್ನು ಒಯ್ಯುತ್ತದೆ.

ಕಣ್ಣಿನ ಎರಡು ರಸಗಳಲ್ಲಿಯೂ ಸಿ ಜೀವಸತ್ವವು ಆಶ್ಚರ್ಯಕರವಾದ ಪ್ರಮಾಣದಲ್ಲಿದೆ. ಜಲರಸದಲ್ಲಿ ಅದು ರಕ್ತದಲ್ಲಿರುವುದರ ಹದಿನೈದು ಇಪ್ಪತ್ತು ಪಟ್ಟು. ಕಾಚರಸದಲ್ಲಿ ಮೂವತ್ತು ನಾಲ್ವತ್ತು ಪಟ್ಟು. ಹಗಲಿನಲ್ಲಿ ಸಂಚರಿಸುವ ಪ್ರಾಣಿಗಳ ಜಲರಸದಲ್ಲಿ ಇದು ಸಾಮಾನ್ಯವಾಗಿ ಹೆಚ್ಚಾಗಿಯೂ, ರಾತ್ರಿ ಸಂಚರಿಸುವವುಗಳಲ್ಲಿ ಕಡಮೆಯಾಗಿಯೂ ಇರುವುದನ್ನು ನೋಡಿದರೆ ಬೆಳಕಿನ ಉಪದ್ರವಕ್ಕೂ ಇದಕ್ಕೂ ಸಂಬಂಧವಿದೆಯೆಂದು ಊಹಿಸಬಹುದು. ಕಾಚರಸದಲ್ಲಿ ಇದಕ್ಕೆ ಇನ್ನೊಂದು ಕೆಲಸವುಂಟು. ರೆಟಿನಾದ ರಕ್ತನಾಳಗಳಿಂದ ಆಮ್ಲಜನಕವು ಕಾಚರಸದೊಳಕ್ಕೆ ಸೋರುತ್ತಿರುತ್ತದೆ. ರೆಟಿನಾಕ್ಕೆ ಆಮ್ಲಜನಕವು ಬೇಕು. ಆದರೆ ಮುಂದಿರುವ ಮಸೂರಕ್ಕೆ ಅದು ಹೆಚ್ಚಾದರೆ ವಿಷ. ಮಸೂರದ ನಡುಭಾಗದ ಸಸಾರಜನಕಗಳು ನಾವು ಹುಟ್ಟುವ ಮೊದಲೇ ಆದವು; ಅವು ಮತ್ತೆ ಹೊಸದಾಗುವುದಿಲ್ಲ. ಆಮ್ಲಜನಕವು ತಗಲಿದರೆ ಅವು ಹಳದಿಯಾಗಿ, ಗಡುಸಾಗಿ, ಒಂದಕ್ಕೊಂದು ಕೂಡಿಕೊಂಡು ಬೆಳಕನ್ನು ತಡೆಯುತ್ತವೆ. ಆದುದರಿಂದ ಕಾಚರಸದ ಸಿ ಜೀವಸತ್ವವು ಸೋರಿಬಂದ ಆಮ್ಲಜನಕವನ್ನು ದಾರಿಯಲ್ಲಿಯೇ ಹಿಡಿದು ತೀರಿಸಿಬಿಡುತ್ತದೆ. ಲೋಳೆಯು ಅಲುಗದೆ ನಿಂತಿರುವುದರಿಂದ ಈ ಕಾವಲಿಗೆ ಸಾಕಷ್ಟು ಕಾಲಾವಕಾಶವೂ ದೊರೆಯುತ್ತದೆ.

ಲೋಳೆಯು ನೀರಾದ ಮೇಲೆ ಈ ವ್ಯವಸ್ಥೆಯು ಕೆಡುತ್ತದೆ. ಕಣ್ಣು ಹೊರಳಿದಾಗಲೆಲ್ಲ ನೀರು ಕಲಕಿ, ರೆಟಿನಾದ ಬಳಿಯ ಆಮ್ಲಜನಕವು ಮಸೂರದವರೆಗೂ ಸಾಗುತ್ತದೆ. ಅಷ್ಟೇ ಅಲ್ಲದೆ ಸಿ ಜೀವಸತ್ವವೂ ತಗ್ಗಿರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಶೋಧಕರು 2009ರಲ್ಲಿ ಪ್ರಕಟಿಸಿದಂತೆ, ಹೆಚ್ಚು ನೀರಾದ ಕಾಚರಸದಲ್ಲಿ ಈ ಜೀವಸತ್ವವು ಕಡಮೆಯಾಗಿಯೂ, ಅದು ಆಮ್ಲಜನಕವನ್ನು ತೀರಿಸುವ ವೇಗವು ಮಂದವಾಗಿಯೂ ಕಂಡುಬಂದಿತು. ಇದಕ್ಕೆ ಶಸ್ತ್ರವೈದ್ಯರಲ್ಲಿಯೂ ಒಂದು ಸಾಕ್ಷ್ಯವಿದೆ. ರಾಬರ್ಟ್ ಮೇಕಮರ್ ಎಂಬ ವೈದ್ಯರು 1970ರ ಸುಮಾರಿನಲ್ಲಿ ಸಣ್ಣ ರಂಧ್ರದ ಮೂಲಕ ಕಾಚರಸವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದರು. ಎಷ್ಟೋ ಕಣ್ಣುಗಳನ್ನು ಉಳಿಸಿದ ಉಪಕಾರವದು. ಆದರೆ ಐವತ್ತು ದಾಟಿದವರಲ್ಲಿ ಈ ಚಿಕಿತ್ಸೆಯಾದ ಎರಡು ವರ್ಷಗಳೊಳಗಾಗಿ ಮಸೂರದ ನಡುವೆ ಪೊರೆ ಬರುವುದು ಹೆಚ್ಚಿನವರಿಗೆ ತಪ್ಪಿದ್ದಲ್ಲ. ಲೋಳೆಯು ಸುಮ್ಮನೆ ತುಂಬಿಕೊಂಡಿದ್ದ ವಸ್ತುವಲ್ಲ, ಮಸೂರವನ್ನು ಕಾಯುತ್ತಿತ್ತೆಂಬುದು ಇದರಿಂದ ತಿಳಿಯಿತು.

ಹಾಗಾದರೆ ಸಿ ಜೀವಸತ್ವದ ಮಾತ್ರೆಗಳನ್ನು ತಿಂದರೆ ಪೊರೆ ಬರುವುದಿಲ್ಲವೆ? ಅಂಗಡಿಯವರು ಹೌದೆನ್ನುತ್ತಾರೆ. ಪರೀಕ್ಷೆ ಮಾಡಿದವರು ಅಷ್ಟು ಸುಲಭವಾಗಿ ಹೌದೆನ್ನುವುದಿಲ್ಲ. ಅಮೆರಿಕದಲ್ಲಿ ಸಾವಿರಾರು ಜನರಿಗೆ ವರ್ಷಗಟ್ಟಲೆ ಸಿ, ಇ ಮೊದಲಾದ ಜೀವಸತ್ವಗಳನ್ನು ಕೊಟ್ಟು ನೋಡಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಪೊರೆಯ ಮಟ್ಟಿಗೆ ಯಾವ ಪ್ರಯೋಜನವೂ ಕಾಣಲಿಲ್ಲ. ನಮ್ಮ ದೇಶದ ಸಂಗತಿ ಸ್ವಲ್ಪ ಬೇರೆ. ಹರಿಯಾಣದಲ್ಲಿಯೂ ಪುದುಚೇರಿ ಪ್ರಾಂತದಲ್ಲಿಯೂ ಅರುವತ್ತು ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರಕ್ತದಲ್ಲಿ ಈ ಜೀವಸತ್ವವು ಹೆಚ್ಚಿದ್ದವರಲ್ಲಿ ಪೊರೆಯು ಕಡಮೆಯಾಗಿತ್ತು. ಕೊರತೆಯುಳ್ಳವರೋ ಬಹಳ ಮಂದಿ. ಎರಡೂ ಒಟ್ಟಿಗೆ ಕಂಡವೆಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಪೊರೆಗೆ ಬಿಸಿಲು, ಹೊಗೆಸೊಪ್ಪು, ಸೌದೆ ಒಲೆಯ ಹೊಗೆ, ಸಿಹಿಮೂತ್ರ ಮುಂತಾದ ಬೇರೆ ಸಂಬಂಧಗಳೂ ಉಂಟು. ಆದರೂ ಮಾತ್ರೆಗೆ ದುಡ್ಡು ಸುರಿಯುವುದಕ್ಕಿಂತ, ಮನೆಯ ಹಿರಿಯರ ತಟ್ಟೆಗೆ ಒಂದು ಸೀಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ನಿಂಬೆಯ ರಸವನ್ನೋ ಸೇರಿಸುವುದು ಬುದ್ಧಿವಂತಿಕೆಯೆಂದು ನಮ್ಮ ಅಭಿಪ್ರಾಯ. ಹಲ್ಲಿಲ್ಲವೆಂಬ ಕಾರಣದಿಂದ ಅಜ್ಜಿಯಂದಿರಿಗೆ ಮೆತ್ತಗಿನ ಅನ್ನ ಸಾರು ಮಾತ್ರವೇ ದೊರೆಯುವ ಮನೆಗಳು ನಮ್ಮಲ್ಲಿ ಕಡಮೆಯಲ್ಲ. ಬೇಯಿಸಿದರೆ ಈ ಜೀವಸತ್ವವು ಬಹುಭಾಗ ನಷ್ಟವಾಗುತ್ತದೆಂಬುದನ್ನು ಗೃಹವಿಜ್ಞಾನವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ನಾವು ನೆನಪಿಸಬೇಕಾಗಿಲ್ಲ.

ಈಗ ಮೊದಲಿನಲ್ಲಿ ಹೇಳಿದ ಅಪಾಯದ ದಿನಗಳ ವಿಷಯ. ಕಾಚರಸದ ಲೋಳೆಯು ಎಳವೆಯಲ್ಲಿ ರೆಟಿನಾಕ್ಕೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಒಳಗೆ ನೀರು ಹೆಚ್ಚುತ್ತದೆ, ಅಂಟೂ ಸಡಿಲವಾಗುತ್ತದೆ. ಸಾಮಾನ್ಯವಾಗಿ ಐವತ್ತರಿಂದ ಎಪ್ಪತ್ತರ ನಡುವೆ ಒಂದು ದಿನ ಆ ನೀರು ಹಿಂದಕ್ಕೆ ನುಗ್ಗಿ, ಕುಗ್ಗಿದ ಲೋಳೆಯು ರೆಟಿನಾದಿಂದ ಕಳಚಿಕೊಂಡು ಮುಂದಕ್ಕೆ ಬರುತ್ತದೆ. ಎಂಬತ್ತರ ಹೊತ್ತಿಗೆ ಹೆಚ್ಚಿನ ಜನರಲ್ಲಿ ಇದು ಆಗಿಹೋಗಿರುತ್ತದೆ. ಅನೇಕರಿಗೆ ಆದುದೇ ತಿಳಿಯುವುದಿಲ್ಲ. ತಿಳಿದವರಿಗೆ ಎರಡು ಲಕ್ಷಣಗಳು ಕಾಣುತ್ತವೆ. ಕಳಚುವಾಗ ಲೋಳೆಯು ರೆಟಿನಾವನ್ನು ಎಳೆಯುತ್ತದೆ. ಎಳೆದರೂ ಒತ್ತಿದರೂ ಬೆಳಕೆಂದಲ್ಲದೆ ಮತ್ತೇನನ್ನೂ ಹೇಳಲು ರೆಟಿನಾಕ್ಕೆ ಬಾರದು. ಆದುದರಿಂದ ಕತ್ತಲೆಯಲ್ಲಿ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಗುತ್ತದೆ. ಎರಡನೆಯದಾಗಿ, ಹಠಾತ್ತಾಗಿ ದೊಡ್ಡದೊಂದು ತೇಲುವ ಎಳೆ ಅಥವಾ ಬಳೆಯಾಕಾರದ ನೆರಳು ಕಾಣಿಸುತ್ತದೆ. ದೃಷ್ಟಿಯ ನರವು ಕಣ್ಣಿಗೆ ಸೇರುವ ಸ್ಥಾನದ ಸುತ್ತ ಅಂಟಿಕೊಂಡಿದ್ದ ಲೋಳೆಯ ಅಂಚೇ ಆ ಬಳೆ.

ಹತ್ತರಲ್ಲಿ ಒಂಬತ್ತು ಜನರಿಗೆ ಇದು ಇಷ್ಟಕ್ಕೇ ಮುಗಿಯುತ್ತದೆ. ಮಿಂಚು ವಾರಗಳಲ್ಲಿ ನಿಲ್ಲುತ್ತದೆ; ನೆರಳು ತಿಂಗಳುಗಳಲ್ಲಿ ಕೆಳಗಿಳಿದು ಅಭ್ಯಾಸವಾಗಿಬಿಡುತ್ತದೆ. ಉಳಿದ ಹೆಚ್ಚು ಕಡಮೆ ಒಬ್ಬರಲ್ಲಿ, ಅಂಟು ಬಲವಾಗಿದ್ದ ಜಾಗದಲ್ಲಿ ರೆಟಿನಾವೇ ಹರಿಯುತ್ತದೆ. ಹರಿದ ಬಾಯಿಯಿಂದ ನೀರಾದ ಕಾಚರಸವು ಹಿಂದಕ್ಕೆ ನುಸುಳಿ, ಮಳೆಯ ನೀರು ಇಳಿದ ಗೋಡೆಯಿಂದ ಗಾರೆ ಬಿಡುವಂತೆ ರೆಟಿನಾವನ್ನು ಅದರ ಆಧಾರದಿಂದ ಬಿಡಿಸುತ್ತದೆ. ಲೋಳೆಯು ಗಟ್ಟಿಯಾಗಿದ್ದರೆ ನುಸುಳಲಾರದು. ರಸಾಯನವು ನೀರಾಗಿಸಿದ್ದರಿಂದಲೇ ಅದಕ್ಕೆ ದಾರಿಯಾಯಿತು. ಒಂದು ಶತಮಾನದ ಹಿಂದಿನವರೆಗೆ ಹೀಗೆ ಕಳಚಿದ ರೆಟಿನಾಕ್ಕೆ ಚಿಕಿತ್ಸೆಯೇ ಇಲ್ಲವೆಂದು ವೈದ್ಯರು ಕೈಚೆಲ್ಲುತ್ತಿದ್ದರು. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಜೂಲ್ ಗೊನಿನ್ ಎಂಬ ವೈದ್ಯರು, ಎಲ್ಲಕ್ಕೂ ಮೂಲ ಆ ಹರಿದ ಬಾಯಿಯೇ, ಅದನ್ನು ಮುಚ್ಚಿದರೆ ರೆಟಿನಾ ಮರಳಿ ಕೂರುವುದು ಎಂದು ಹಿಡಿದ ಹಟವನ್ನು ಬಿಡದೆ, 1920ರ ದಶಕದಲ್ಲಿ ಮಾಡಿ ತೋರಿಸಿದರು. ಇಂದು, ರೆಟಿನಾ ಬಿಡುವ ಮೊದಲೇ ಬಂದ ರೋಗಿಗೆ ಹರಿದ ಬಾಯಿಯ ಸುತ್ತ ಲೇಸರ್ ಕಿರಣದಿಂದ ಬೆಸುಗೆ ಹಾಕುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಬಿಟ್ಟ ಮೇಲೆ ಬಂದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ. ದೃಷ್ಟಿಯ ಕೇಂದ್ರವೂ ಬಿಟ್ಟ ಮೇಲೆ ಬಂದವರಿಗೆ ಶಸ್ತ್ರಚಿಕಿತ್ಸೆಯಾದರೂ ಮೊದಲಿನ ದೃಷ್ಟಿ ದೊರೆಯುವುದು ಸಂದೇಹ. ಭೇದವು ಕೆಲವೇ ದಿನಗಳದು.

ಆದಕಾರಣ ವರ್ಷಗಳಿಂದ ಹಾಗೆಯೇ ಇರುವ ಒಂದೆರಡು ಎಳೆಗಳಿಗೆ ಯಾರೂ ನಿದ್ರೆಗೆಡಬೇಕಾದುದಿಲ್ಲ. ಆದರೆ ಹೊಸದಾಗಿ ಮಿಂಚು ಕಂಡರೆ, ಒಮ್ಮೆಲೇ ಎಳೆಗಳು ಹೆಚ್ಚಿದರೆ, ಮಸಿ ಚಿಮುಕಿಸಿದಂತೆ ಕರಿಯ ಚುಕ್ಕೆಗಳು ತುಂಬಿಕೊಂಡರೆ, ದೃಷ್ಟಿಯ ಒಂದು ಪಕ್ಕದಿಂದ ಪರದೆ ಇಳಿದಂತಾದರೆ, ಅದೇ ದಿನ, ತಪ್ಪಿದರೆ ಮರುದಿನ, ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವೆಂದು ತಡಮಾಡಬಾರದು, ರೆಟಿನಾಕ್ಕೆ ನೋವೆಂಬುದೇ ಇಲ್ಲ. ಹಬ್ಬ ಮುಗಿಯಲಿ, ಮಗಳ ಹೆರಿಗೆಯಾಗಲಿ, ಮಗ ಊರಿಂದ ಬರಲಿ ಎಂದು ತಮ್ಮ ದೇಹದ ವಿಷಯವನ್ನು ಮುಂದಕ್ಕೆ ತಳ್ಳುವುದು ನಮ್ಮ ಹೆಂಗಸರಲ್ಲಿ ಒಂದು ಸದ್ಗುಣವೆಂದು ಎಣಿಸಲ್ಪಟ್ಟಿದೆ. ಈ ಒಂದು ವಿಷಯದಲ್ಲಿ ಅದನ್ನು ಸದ್ಗುಣವೆಂದು ನಾವು ಒಪ್ಪಲಾರೆವು. ತೇಲುವ ಎಳೆಗಳನ್ನು ಕರಗಿಸುತ್ತೇವೆಂದು ಮಾರುವ ಹನಿಮದ್ದುಗಳಿಂದಲೂ ಕಷಾಯಗಳಿಂದಲೂ ಆಗುವುದೇನೂ ಇಲ್ಲ. ಅಂತಹ ಗುಣವುಳ್ಳ ಹನಿಮದ್ದು ಇದುವರೆಗೆ ಸಿದ್ಧವಾಗಿಲ್ಲ. ಅವುಗಳ ಕೇಡೇನೆಂದರೆ, ವೈದ್ಯರಲ್ಲಿಗೆ ಹೋಗಬೇಕಾದ ಆ ನ್ಯಾಯವಾದ ಎರಡು ದಿನಗಳನ್ನು ಅವು ನುಂಗಿಬಿಡುತ್ತವೆ.

ಹೆತ್ತವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ದೂರದ್ದು ಕಾಣದ ಸಮೀಪದೃಷ್ಟಿಯ ಮಕ್ಕಳ ಕಣ್ಣುಗುಡ್ಡೆಯು ಇತರರದಕ್ಕಿಂತ ಉದ್ದವಾಗಿರುತ್ತದೆ. ಅಷ್ಟೇ ಎಳೆಗಳು ಇನ್ನೂ ಹೆಚ್ಚಿನ ಎಡೆಯನ್ನು ತುಂಬಬೇಕಾಗುವುದಲ್ಲದೆ ರೆಟಿನಾವೂ ಹಿಗ್ಗಿ ತೆಳುವಾಗುತ್ತದೆ. ಅಂಥವರಲ್ಲಿ ಕಾಚರಸವು ಬೇಗನೆ ನೀರಾಗುತ್ತದೆ. ಕಳಚುವುದೂ ಹತ್ತಾರು ವರ್ಷ ಮುಂಚೆಯೇ ಆಗಬಹುದು. ಹುಡುಗಿಗೆ ಕನ್ನಡಕ ಬಂತೆಂದರೆ ಸಂಬಂಧ ಕೂಡುವುದು ಕಷ್ಟವೆಂದು ಮುಚ್ಚಿಡುವ ತಾಯಂದಿರನ್ನು ನಾವು ಇಂದಿಗೂ ಕಾಣುತ್ತಿದ್ದೇವೆ. ಮದುವೆಗೆ ಮುಂಚೆ ಕಾರ್ನಿಯಾವನ್ನು ಲೇಸರಿನಿಂದ ತಿದ್ದಿಸಿ ಕನ್ನಡಕವನ್ನು ತೆಗೆಸುವುದೂ ಈಗ ಬಳಕೆಗೆ ಬಂದಿದೆ. ತೆಗೆಸುವುದರಲ್ಲಿ ತಪ್ಪೇನಿಲ್ಲ, ಆದರೆ ಹೋಗುವುದು ಕನ್ನಡಕ, ಕಣ್ಣಿನ ಉದ್ದವಲ್ಲ. ಚಿಕಿತ್ಸೆಗೆ ಮುಂಚಿನ ನಂಬರು ಎಷ್ಟಿತ್ತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದು, ಇಪ್ಪತ್ತು ವರ್ಷಗಳ ಮೇಲೆ ಕಣ್ಣು ತೋರಿಸುವಾಗಲೂ ವೈದ್ಯರಿಗೆ ಹೇಳಬೇಕು. ಹೇಳದಿದ್ದರೆ ಕನ್ನಡಕವಿಲ್ಲದ ಆ ಕಣ್ಣಿನ ಉದ್ದವು ಮೇಲುನೋಟಕ್ಕೆ ತಿಳಿಯುವುದಿಲ್ಲ.

ಮಕ್ಕಳಲ್ಲಿ ಗುಡ್ಡೆಯು ಹೀಗೆ ಉದ್ದವಾಗದಂತೆ ಏನನ್ನಾದರೂ ಮಾಡಬಹುದೆ ಎಂದರೆ, ಒಂದಿಷ್ಟು ಮಾಡಬಹುದು. ಚೀನದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವ ಏರ್ಪಾಟು ಮಾಡಿ ನೋಡಿದರು. 2015ರಲ್ಲಿ ಹೊರಬಂದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದುದು ಆ ಶಾಲೆಗಳಲ್ಲಿ ನೂರಕ್ಕೆ ಸುಮಾರು 30, ಬೇರೆ ಶಾಲೆಗಳಲ್ಲಿ ಸುಮಾರು 40. ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಬೇಕೆಂದು ಪ್ರತಿ ವರ್ಷವೂ ನಮ್ಮ ಬಳಿಗೆ ಬರುವ ಪೋಷಕ ಮಹಾಶಯರು ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ.

ಕೊನೆಯದಾಗಿ, ವೈದ್ಯರಲ್ಲಿಗೆ ಹೋಗುವವರಿಗೆ ಒಂದೆರಡು ವ್ಯಾವಹಾರಿಕ ಮಾತುಗಳು. ರೆಟಿನಾದ ಅಂಚಿನವರೆಗೆ ನೋಡಬೇಕಾದರೆ ಹನಿಮದ್ದು ಹಾಕಿ ಪಾಪೆಯನ್ನು ಅಗಲಿಸಬೇಕು. ಅಗಲಿಸದೆ ಮಾಡಿದ ಪರೀಕ್ಷೆಯು ಈ ಲಕ್ಷಣಗಳಿಗೆ ಸಾಲದು. ಪಾಪೆಯು ಅಗಲಿಸಿದ ಮೇಲೆ ಕೆಲವು ಗಂಟೆಗಳ ಕಾಲ ಬೆಳಕು ಕಣ್ಣನ್ನು ಕುಕ್ಕುತ್ತದೆ, ಹತ್ತಿರದ ಅಕ್ಷರವು ಕಾಣುವುದಿಲ್ಲ. ಆದುದರಿಂದ ಹಿರಿಯರನ್ನು ಒಬ್ಬರನ್ನೇ ಕಳುಹಿಸಕೂಡದು, ತಾವಾಗಿ ಹೋಗುವವರು ವಾಹನವನ್ನು ನಡೆಸಿಕೊಂಡು ಹೋಗಕೂಡದು. ಹರಿದ ಬಾಯಿಯೇನೂ ಕಾಣಲಿಲ್ಲವೆಂದು ವೈದ್ಯರು ಹೇಳಿದರೂ, ಲೋಳೆಯು ಪೂರ್ತಿ ಕಳಚಿಕೊಳ್ಳುವುದಕ್ಕೆ ಕೆಲವು ವಾರಗಳು ಬೇಕಾಗುವುದರಿಂದ, ಸುಮಾರು ಆರು ವಾರಗಳೊಳಗೆ ಮತ್ತೊಮ್ಮೆ ತೋರಿಸಬೇಕೆ ಎಂದು ಕೇಳಿಕೊಂಡು ಬರಬೇಕು. ಆ ನಡುವೆ ದಿನಕ್ಕೊಮ್ಮೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎದುರಿನ ಬಿಳಿಯ ಗೋಡೆಯು ನಾಲ್ಕು ಅಂಚಿನವರೆಗೂ ಕಾಣುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಎರಡು ಕಣ್ಣೂ ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುವುದರಿಂದ, ಮುಚ್ಚಿ ನೋಡದ ಹೊರತು ಪರದೆ ಇಳಿದುದು ತಿಳಿಯುವುದಿಲ್ಲ.